ರಂಡಲ್ ಬೆಟ್ಟದ ಬುಡದ ಹುಲ್ಲು

ಕೆನಡಾದ ಬ್ಯಾನ್ಫ್‌ನಲ್ಲಿ ಗಾಲ್ಫ್ ಆಡುವುದಾದರೆ ಸೆಪ್ಟೆಂಬರ್ ಕೊನೆಯಲ್ಲೇ ಆಡಬೇಕು ಎನ್ನುವ ಪಕ್ಷ ನನ್ನದು. ಬೇಸಿಗೆಯ ಜನಜಾತ್ರೆ ಕರಗಿರುತ್ತದೆ, ಆಸ್ಪೆನ್ ಮರಗಳು ಅರಿಸಿನ ಬಣ್ಣಕ್ಕೆ ತಿರುಗಿರುತ್ತವೆ. ತೊಂದರೆ ಎರಡೇ. ಮೊದಲನೆಯದು, ರಾತ್ರಿಯ ಇಬ್ಬನಿ ಹುಲ್ಲಿನ ಮೇಲೆ ಹೆಪ್ಪುಗಟ್ಟಿರುತ್ತದೆ. ಆಗ ತುಳಿದರೆ ಎಸಳು ಮುರಿದು ಹೆಜ್ಜೆಗುರುತು ದಿನಗಟ್ಟಲೆ ಉಳಿಯುತ್ತದೆ, ಹಾಗಾಗಿ ಬಿಸಿಲು ಬೀಳುವ ತನಕ ಕಾಯಿಸುತ್ತಾರೆ. ಎರಡನೆಯದು ಎಲ್ಕ್. ನಮ್ಮ ಕಡವೆಯ ಕುಲದ್ದೇ, ಗಾತ್ರದಲ್ಲಿ ಇನ್ನೂ ದೊಡ್ಡದು. ಅವುಗಳಿಗೆ ಇದು ಬೆದೆಗಾಲ. ಹೆಣ್ಣುಗಳ ಹಿಂಡು ಕಾಯುತ್ತ ಫೇರ್‌ವೇ ನಡುವೆ ನಿಂತ ಗಂಡು ಯಾರ ಸರದಿಯನ್ನೂ ಕೇಳುವುದಿಲ್ಲ. 30 ಮೀಟರ್ ದೂರ ಇರಿ ಎನ್ನುತ್ತಾರೆ ರಾಷ್ಟ್ರೀಯ ಉದ್ಯಾನದವರು. ಚೆಂಡು ಅದರ ಕಾಲಬುಡಕ್ಕೆ ಬಿತ್ತೋ, ಅದು ಅದರದೇ.

ಕ್ಯಾಲ್ಗರಿಯಲ್ಲಿ ನೆಲೆಸಿರುವ ನನಗೆ ಇದು ಒಂದೂವರೆ ಗಂಟೆಯ ಕಾರಿನ ದಾರಿ. ಆದರೆ ಈ ಮೈದಾನ ಹುಟ್ಟಿದ್ದು ರೈಲಿನವರ ಲೆಕ್ಕಾಚಾರದಿಂದ. ಕೆನಡಿಯನ್ ಪೆಸಿಫಿಕ್ ರೈಲ್ವೆ 1885ರಲ್ಲಿ ಸಾಗರದಂಚಿನವರೆಗೆ ಹಳಿ ಹಾಕಿ ಮುಗಿಸಿತು. ಬೆಟ್ಟಗಳ ನಡುವೆ ಸಾವಿರಾರು ಜನ ಹತ್ತಿಳಿಯುವ ಊರುಗಳಿರಲಿಲ್ಲ. ಕಂಪನಿಯ ವಿಲಿಯಂ ವ್ಯಾನ್ ಹಾರ್ನ್ ಬೆಟ್ಟವನ್ನೇ ಸರಕು ಮಾಡಿದ. ಬಿಸಿನೀರಿನ ಬುಗ್ಗೆಗಳ ಪಕ್ಕ 1888ರಲ್ಲಿ ಬ್ಯಾನ್ಫ್ ಸ್ಪ್ರಿಂಗ್ಸ್ ಹೋಟೆಲ್ ತೆರೆಯಿತು. ಕಟ್ಟುವಾಗ ಯಾರೋ ನಕ್ಷೆಯನ್ನು ಹಿಂದುಮುಂದಾಗಿ ಹಿಡಿದು, ಬೋ ನದಿಯ ಕಣಿವೆಯ ನೋಟವೆಲ್ಲ ಅಡಿಗೆಮನೆಯ ಪಾಲಾಯಿತಂತೆ. ವ್ಯಾನ್ ಹಾರ್ನ್ ಕೆಂಡಾಮಂಡಲವಾದನಂತೆ. ಹೋಟೆಲಿನ ಇಡೀ ಚರಿತ್ರೆಯಲ್ಲಿ ಬಾಣಸಿಗರಿಗೆ ನ್ಯಾಯ ಸಿಕ್ಕಿದ್ದು ಅದೊಂದೇ ಸಲ ಇರಬೇಕು.

ಅತಿಥಿಗಳು ಬರೀ ಬೆಟ್ಟ ನೋಡುತ್ತ ಎಷ್ಟು ದಿನ ಕೂತಾರು? 1911ರಲ್ಲಿ ಒಂಬತ್ತು ಗುಳಿಗಳ ಗಾಲ್ಫ್ ಮೈದಾನ ಬಂತು. ಅದರ ಹಿಂದೆಯೇ ಯುದ್ಧವೂ ಬಂತು.

ಈ ಭಾಗವನ್ನು ನಾನು ತಿಳಿದದ್ದು ತಡವಾಗಿ. ಗಲೀಷಿಯಾ, ಬುಕೊವಿನಾಗಳಿಂದ ಕೆನಡಾಕ್ಕೆ ಬಂದಿದ್ದ ಉಕ್ರೇನಿಯನ್ ರೈತರ ಕೈಯಲ್ಲಿದ್ದದ್ದು ಆಸ್ಟ್ರಿಯಾ-ಹಂಗೆರಿಯ ಕಾಗದಪತ್ರ. ಕೆನಡಾ ಸರ್ಕಾರವೇ ಭೂಮಿ ಕೊಡುತ್ತೇವೆಂದು ಕರೆಸಿಕೊಂಡವರು 1914ರಲ್ಲಿ ರಾತ್ರೋರಾತ್ರಿ ಶತ್ರುದೇಶದ ಪ್ರಜೆಗಳಾದರು. ಇವರನ್ನೂ ಇತರರನ್ನೂ ಸೇರಿಸಿ 8,579 ಮಂದಿಯನ್ನು ದೇಶದ ನಾನಾ ಶಿಬಿರಗಳಲ್ಲಿ ಕೂಡಿಹಾಕಿದರು. ಒಂದು ಶಿಬಿರ ಇಲ್ಲೇ, ಕ್ಯಾಸಲ್ ಬೆಟ್ಟದ ಕೆಳಗೆ, 1915ರಿಂದ 1917ರವರೆಗೆ ಇತ್ತು. ಚಳಿ ಬಿಗಿದಾಗ ಡೇರೆ ಕಿತ್ತು ಕೈದಿಗಳನ್ನು ಬ್ಯಾನ್ಫ್ ಊರ ಪಕ್ಕದ ಕೇವ್ ಅಂಡ್ ಬೇಸಿನ್ ಎಂಬ ಬಿಸಿನೀರಿನ ಬುಗ್ಗೆಯ ತಾಣಕ್ಕೆ ತರುತ್ತಿದ್ದರು. ದಿನಕ್ಕೆ 25 ಸೆಂಟ್ ಕೂಲಿಗೆ ರಸ್ತೆ ಕಡಿದರು, ಗಾಲ್ಫ್ ಮೈದಾನಕ್ಕಾಗಿ ಕಾಡು ಸವರಿದರು. ಓಡಿಹೋದವರೂ ಇದ್ದರು. ಉಳಿದವರನ್ನು, ಹೊರಗೆ ಆಳುಗಳು ಸಿಗದೆ ಹೋದಾಗ, ಗಣಿಗೂ ರೈಲ್ವೆಗೂ ದುಡಿಯಲು ಬಿಟ್ಟರು. ಶತ್ರುತ್ವ ಅಷ್ಟು ಸುಲಭವಾಗಿ ಮುಗಿಯುವಂಥದ್ದಾಗಿತ್ತು.

ನಮ್ಮಪ್ಪ ಕೆಜಿಎಫ್‌ನಲ್ಲಿದ್ದವರು. ಅಲ್ಲಿ ಚಿನ್ನದ ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ದೊರೆಗಳಿಗೂ ಗಾಲ್ಫ್ ಬೇಕಿತ್ತು. ನೀರಿಗೆ ಬರ, ಹಾಗಾಗಿ ಗುಳಿಯ ಸುತ್ತ ಹುಲ್ಲಿನ ಬದಲು ಎಣ್ಣೆ ಬೆರೆಸಿದ ಮರಳು ಹಾಸಿರುತ್ತಿತ್ತಂತೆ. ಗಣಿಯ ಲೈನುಗಳ ಹುಡುಗರು ಚೀಲ ಹೊರುತ್ತಿದ್ದರಂತೆ, ಮರಳು ಸಮ ಮಾಡುತ್ತಿದ್ದರಂತೆ. ಆದ್ದರಿಂದ ಕಂಪನಿಯ ಮೈದಾನ ಎಂದರೆ ಯಾರು ಆಡುತ್ತಾರೆ, ಯಾರು ಹೊರುತ್ತಾರೆ ಎಂದು ನಾನು ಹೊಸದಾಗಿ ಕಲಿಯಬೇಕಿರಲಿಲ್ಲ.

ಬ್ಯಾನ್ಫ್‌ನಲ್ಲಿ ಇವತ್ತು ನಾವು ಆಡುವ ಕೋರ್ಸಿನ ರೂಪ ಸ್ಟಾನ್ಲಿ ಥಾಂಪ್ಸನ್‌ನದು. ಎದುರಾಳಿ ಕೆನಡಿಯನ್ ನ್ಯಾಷನಲ್ ರೈಲ್ವೆಗೆ ಅವನು ಜ್ಯಾಸ್ಪರ್‌ನಲ್ಲಿ 1925ರಲ್ಲಿ ಕೋರ್ಸ್ ಮಾಡಿಕೊಟ್ಟಿದ್ದ. ಪೆಸಿಫಿಕ್‌ನವರಿಗೆ ಹೊಟ್ಟೆಉರಿ. ಅವನನ್ನೇ ಕರೆಸಿ, 1926ರ ಬೆಂಕಿಯ ನಂತರ ಮರುಕಟ್ಟಿದ ಹೋಟೆಲಿನ ಜೊತೆಜೊತೆಗೇ 1928ರಲ್ಲಿ ಹೊಸ ಕೋರ್ಸ್ ಮುಗಿಸಿದರು. ಖರ್ಚು ಹತ್ತು ಲಕ್ಷ ಡಾಲರ್ ಮುಟ್ಟಿತೆಂದು ಹೇಳುತ್ತಾರೆ. ಆಸಾಮಿ ಜಾಣ. ಸುಮಾರು 2,950 ಮೀಟರ್ ಎತ್ತರದ ರಂಡಲ್ ಬೆಟ್ಟದ ಕೆಳಗೆ ಎಲ್ಲವೂ ಹತ್ತಿರವಿದ್ದಂತೆ ಕಾಣುತ್ತದೆ ಎಂಬುದನ್ನು ಬಲ್ಲವನು. ಬಂಕರ್‌ಗಳ ಅಂಚನ್ನು ಹಿಂದಿನ ಶಿಖರಗಳ ಏರಿಳಿತಕ್ಕೇ ಹೊಂದಿಸಿದ. ‘ಡೆವಿಲ್ಸ್ ಕಾಲ್ಡ್ರನ್’ ಎಂಬ ಗುಳಿಯಲ್ಲಿ ಹಸಿರುನೀಲಿ ಹಿಮನೀರಿನ ಕೊಳದಾಚೆಗೆ ಹೊಡೆಯಬೇಕು. ಕಣ್ಣಂದಾಜಿಗೆ ಒಂದು ಕ್ಲಬ್ ಹೆಚ್ಚೇ ಹಿಡಿಯಬೇಕು, ಶರತ್ಕಾಲದಲ್ಲಿ ಇನ್ನೂ ಒಂದು. ತಣ್ಣನೆಯ ಗಾಳಿ ದಟ್ಟ, ಚೆಂಡು ಮುಂದಕ್ಕೆ ಹೋಗುವುದಿಲ್ಲ. ನನ್ನ ಚೆಂಡುಗಳು ಆ ಕೊಳದಲ್ಲಿ ಎಷ್ಟಿವೆಯೋ, ಎಲ್ಕ್‌ಗಳಿಗೆ ಬಿಟ್ಟುಕೊಟ್ಟದ್ದು ಅದಕ್ಕಿಂತ ಕಡಿಮೆ.

ಕೇವ್ ಅಂಡ್ ಬೇಸಿನ್‌ನಲ್ಲಿ 2013ರಿಂದ ಆ ಬಂಧಿತರ ಬಗ್ಗೆ ಒಂದು ಪ್ರದರ್ಶನವಿದೆ. ಊರಿನಿಂದ ಬಂದ ನೆಂಟರನ್ನು ಅಲ್ಲಿಗೂ ಕರೆದೊಯ್ಯುತ್ತೇನೆ. ಬಂಧಿತರ ಕಡತಗಳಲ್ಲಿ ಬಹಳಷ್ಟನ್ನು ಸರ್ಕಾರವೇ 1950ರ ದಶಕದಲ್ಲಿ ನಾಶಮಾಡಿತು. ಇಂಥ ಕಡೆ ಇಂಥವನು ಮರ ಕಡಿದ ಎಂದು ಈಗ ತೋರಿಸುವುದು ಕಷ್ಟ. ಥಾಂಪ್ಸನ್‌ನ ಹೆಸರನ್ನು ಮಾತ್ರ ಕೋರ್ಸಿಗೇ ಇಟ್ಟಿದ್ದಾರೆ.