ಮಹಾಪ್ರಬಂಧದ ಕೊನೇ ಪುಟಗಳಲ್ಲಿ ನಮ್ಮೂರಿನ ಹೆಸರು

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹಳ್ಳಿಗಳಿಗೆ ಸಂಶೋಧನೆ ಮಾಡುವ ಹುಡುಗ ಹುಡುಗಿಯರು ಬರುವುದು ಹೊಸದಲ್ಲ. ಸೋಬಾನೆ ಹಾಡುವ ಅಜ್ಜಿಯ ಹತ್ತಿರ ಕೂತು ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಊರ ಮುಂದಿನ ವೀರಗಲ್ಲಿನ ಫೋಟೊ ತೆಗೆಯುತ್ತಾರೆ. ಹಾಡಿಗಳಲ್ಲಿ ಮನೆ ಮನೆಗೆ ಹೋಗಿ ಪ್ರಶ್ನೆ ಕೇಳಿ ಬರೆದುಕೊಳ್ಳುತ್ತಾರೆ. ‘ಇದು ಪಿಎಚ್.ಡಿ.ಗೆ ಅಜ್ಜಿ’ ಎಂದು ಹೇಳಿ, ಕೊಟ್ಟ ಕಾಫಿ ಕುಡಿದು ಬಸ್ಸು ಹತ್ತುತ್ತಾರೆ. ಆಮೇಲೆ ಆ ಹಾಡು ಎಲ್ಲಿಗೆ ಹೋಯಿತು, ಅಜ್ಜಿಯ ಹೆಸರು ಎಲ್ಲಾದರೂ ಬಂತೇ ಎಂಬುದು ಊರಿನವರಿಗೆ ತಿಳಿಯುವುದು ಅಪರೂಪ.

ಅದು ಹೋಗಿ ಸೇರುವುದು ಮಹಾಪ್ರಬಂಧ ಎಂಬ ದಪ್ಪ ಪುಸ್ತಕಕ್ಕೆ. ಅದಕ್ಕೊಂದು ಕಟ್ಟುನಿಟ್ಟಾದ ರಚನೆ ಇದೆ: ಮುಖಪುಟ, ಮಾರ್ಗದರ್ಶಕರ ಪ್ರಮಾಣಪತ್ರ, ಸಂಶೋಧಕರ ಘೋಷಣೆ, ಕೃತಜ್ಞತೆ, ಪರಿವಿಡಿ, ಪ್ರಸ್ತಾವನೆ, ಅಧ್ಯಾಯಗಳು, ಉಪಸಂಹಾರ, ಅನುಬಂಧ, ಕೊನೆಗೆ ಪರಾಮರ್ಶನ ಗ್ರಂಥಗಳ ಪಟ್ಟಿ. ಇದೆಲ್ಲ ಓದಿದವರ ಶಾಸ್ತ್ರ, ನಮಗೇನು ಎಂದು ಬಿಡುವ ಹಾಗಿಲ್ಲ. ನಮ್ಮೂರಿನ ಮಾತು ಯಾವ ಪುಟದಲ್ಲಿ, ಯಾರ ಹೆಸರಿನಲ್ಲಿ ನಿಲ್ಲುತ್ತದೆ ಎಂಬುದು ಈ ರಚನೆಯಲ್ಲೇ ತೀರ್ಮಾನವಾಗುತ್ತದೆ. ಅದರ ಇತಿಹಾಸವನ್ನು ನಮ್ಮ ನಾಲ್ಕು ತಾಲ್ಲೂಕುಗಳ ಕಡೆಯಿಂದ ನೋಡೋಣ.

ಕಲ್ಲಿಗೂ ಓಲೆಗರಿಗೂ ಒಂದು ಕ್ರಮ

ಬರಹಕ್ಕೆ ಕ್ರಮ ಬಂದದ್ದು ವಿಶ್ವವಿದ್ಯಾನಿಲಯ ಬಂದ ಮೇಲಲ್ಲ. ನಮ್ಮ ಕಡೆಯ ದಾನಶಾಸನಗಳನ್ನೇ ನೋಡಿ. ಮೊದಲು ದೇವರ ಸ್ತುತಿ, ಆಮೇಲೆ ಶಕವರ್ಷ, ಸಂವತ್ಸರ, ತಿಥಿ. ನಂತರ ಆಳುತ್ತಿದ್ದ ರಾಜ, ದಾನ ಕೊಟ್ಟವರು, ಪಡೆದವರು. ಭೂಮಿಯಾದರೆ ಅದರ ನಾಲ್ಕೂ ದಿಕ್ಕಿನ ಎಲ್ಲೆ. ಸಾಕ್ಷಿಗಳ ಹೆಸರು. ಕೊನೆಗೆ ಇದನ್ನು ಕೆಡಿಸಿದವರಿಗೆ ಶಾಪ. ಕೆಲವು ಕಲ್ಲುಗಳಲ್ಲಿ ಕೆತ್ತಿದವನ ಹೆಸರೂ ಉಂಟು. ಮುಂದೆ ಯಾರಾದರೂ ತಕರಾರು ತೆಗೆದರೆ ಕಲ್ಲೇ ಉತ್ತರ ಹೇಳಬೇಕು ಎಂಬುದು ಈ ಕ್ರಮದ ಉದ್ದೇಶ.

ಕಾವ್ಯಕ್ಕೂ ಹೀಗೆಯೇ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ನಮಗೆ ದೇವರಾಜ ಅರಸರ ಊರು ಎಂದು ಗೊತ್ತು. 16ನೇ ಶತಮಾನದ ಆರಂಭದಲ್ಲಿದ್ದ ಜೈನ ಕವಿ ಮೂರನೆಯ ಮಂಗರಸನಿಗೂ ಅದೇ ಊರಿನ ನಂಟು. ಅವನ ವಂಶದ ಕಥೆ ನಮಗೆ ತಿಳಿದಿರುವುದು ಅವನ ಕೃತಿಗಳಿಂದಲೇ. ಆ ಕಾಲದ ಕವಿಗಳು ಕಥೆಗೆ ಕೈ ಹಾಕುವ ಮುಂಚೆ ತಮಗಿಂತ ಹಿಂದಿನ ಕವಿಗಳನ್ನು ನೆನೆದು, ತಾವು ಯಾರ ಮಗ, ಯಾವ ಊರಿನವರು ಎಂದು ಹೇಳುವುದು ವಾಡಿಕೆ. ಪ್ರತಿ ಬರೆದ ಲಿಪಿಕಾರ ಓಲೆಯ ಕೊನೆಯಲ್ಲಿ ದಿನ ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಿ ಎಂದು ಕೇಳಿಕೊಳ್ಳುತ್ತಿದ್ದ. ಇವತ್ತಿನ ಪ್ರಬಂಧದ ಮೊದಲ ಅಧ್ಯಾಯದಲ್ಲಿ ‘ಈವರೆಗೆ ನಡೆದ ಅಧ್ಯಯನಗಳು’ ಎಂಬ ಭಾಗ ಇರುತ್ತದಲ್ಲ, ಅದು ಮಾಡುವುದೂ ಪೂರ್ವಕವಿಗಳ ಸ್ಮರಣೆ ಮಾಡುತ್ತಿದ್ದ ಕೆಲಸವನ್ನೇ.

ಕನ್ನಡಕ್ಕೆ ಬಂದ ಮಹಾಪ್ರಬಂಧ

ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದು 1916ರ ಜುಲೈ 27ರಂದು. ನಾಲ್ವಡಿ ಕೃಷ್ಣರಾಜ ಒಡೆಯರು ಕುಲಾಧಿಪತಿ, ಎಚ್.ವಿ. ನಂಜುಂಡಯ್ಯನವರು ಮೊದಲ ಕುಲಪತಿ. ಕನ್ನಡ ನಾಡಿನ ಮೊದಲ ವಿಶ್ವವಿದ್ಯಾನಿಲಯವಾದರೂ ಪಾಠ, ಪರೀಕ್ಷೆಯೆಲ್ಲ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇತ್ತು. ಕನ್ನಡದಲ್ಲಿ ಎಂ.ಎ. ಶುರುವಾಗಲು 1927 ಬರಬೇಕಾಯಿತು. 1956ರಿಂದ 1960ರವರೆಗೆ ಕುವೆಂಪು ಕುಲಪತಿಗಳಾಗಿದ್ದರು. ಮಾನಸಗಂಗೋತ್ರಿ ಎದ್ದದ್ದು, ಉನ್ನತ ವಿದ್ಯೆ ಕನ್ನಡದಲ್ಲೇ ಆಗಬೇಕೆಂಬ ಮಾತಿಗೆ ಬಲ ಬಂದದ್ದು ಆಗ. 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಬಂತು.

ಕನ್ನಡದಲ್ಲಿ ಸಂಶೋಧನೆ ಬರೆಯಬೇಕೆಂದರೆ ಅದರ ಅಂಗಾಂಗಗಳಿಗೂ ಕನ್ನಡದ ಹೆಸರು ಬೇಕು. ಮಹಾಪ್ರಬಂಧ, ಅಡಿಟಿಪ್ಪಣಿ, ಅನುಬಂಧ, ಆಕರ, ಗ್ರಂಥಋಣ ಎಂಬ ಮಾತುಗಳು ಹೀಗೆ ಬಳಕೆಗೆ ಬಂದವು. ಇವುಗಳಲ್ಲಿ ‘ಗ್ರಂಥಋಣ’ ಎಂಬ ಮಾತು ನಮಗೆ ಬಹಳ ಹಿಡಿಸುತ್ತದೆ. ಯಾವ ಪುಸ್ತಕದಿಂದ ಏನು ಪಡೆದೆವೋ ಅದು ಸಾಲ, ಸಾಲವನ್ನು ಲೆಕ್ಕದಲ್ಲಿ ತೋರಿಸಬೇಕು ಎಂಬ ಅರ್ಥ ಅದರಲ್ಲಿದೆ.

ಆ ಕಾಲದ ಒಂದು ಹೆಸರಾಂತ ಪ್ರಬಂಧ ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’. ಮೈಸೂರು ವಿಶ್ವವಿದ್ಯಾನಿಲಯ 1966ರಲ್ಲಿ ಅದನ್ನು ಪುಸ್ತಕವಾಗಿ ತಂದಿತು. ಸುಮಾರು ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳು ಅದರ ಆಕರ. ಶಾಸನವೆಂದರೆ ರಾಜರ ವಂಶಾವಳಿ ಎಂದುಕೊಂಡಿದ್ದ ಕಾಲದಲ್ಲಿ, ಅದೇ ಕಲ್ಲುಗಳನ್ನು ಧರ್ಮ, ವಿದ್ಯೆ, ಸಮಾಜ, ವೀರರ ಸಾವು ಎಂದು ವಿಷಯವಾರು ವಿಂಗಡಿಸಿ ಇಟ್ಟಾಗ ಸಾಮಾನ್ಯ ಜನರ ಬದುಕು ಕಾಣಿಸಿತು. ಆಕರ ಹೊಸದಲ್ಲ, ಅದನ್ನು ಜೋಡಿಸಿದ ರೀತಿ ಹೊಸದು.

ಅಡಿಟಿಪ್ಪಣಿ ಹಿಡಿದು ಊರಿಗೆ

ಇಂಥ ಪುಸ್ತಕಗಳ ಅಡಿಟಿಪ್ಪಣಿಯಲ್ಲಿ ‘ಎ.ಕ. 4, ಹುಣಸೂರು’ ಎಂದು ಬರೆದು ಪಕ್ಕದಲ್ಲಿ ಒಂದು ಸಂಖ್ಯೆ ಹಾಕಿರುತ್ತಾರೆ. ಎ.ಕ. ಎಂದರೆ ‘ಎಪಿಗ್ರಾಫಿಯಾ ಕರ್ನಾಟಿಕಾ’. ಬಿ.ಎಲ್. ರೈಸ್ ಎಂಬ ಅಧಿಕಾರಿ ಶುರು ಮಾಡಿದ ಶಾಸನ ಸಂಪುಟಗಳು ಅವು. 4 ಎಂಬುದು ಸಂಪುಟದ ಸಂಖ್ಯೆ, ಆಮೇಲೆ ತಾಲ್ಲೂಕು, ಕೊನೆಯದು ಆ ತಾಲ್ಲೂಕಿನೊಳಗೆ ಶಾಸನದ ಕ್ರಮಸಂಖ್ಯೆ. ನಮ್ಮ ಕಡೆಯ ಶಾಸನಗಳಿರುವ ನಾಲ್ಕನೇ ಸಂಪುಟ 1898ರಲ್ಲಿ ಬಂತು. ಕಲ್ಲು ಯಾವ ಊರಿನದು, ಎಲ್ಲಿ ನಿಂತಿದೆ ಎಂದೂ ಅದರಲ್ಲಿ ಬರೆದಿರುತ್ತದೆ. ಅಂದರೆ ಒಂದು ಸಾಲಿನ ಅಡಿಟಿಪ್ಪಣಿ ಹಿಡಿದು ಹೊರಟರೆ ಊರ ಹೊರಗಿನ ಜಮೀನಿನಲ್ಲಿ ನಿಂತ ಕಲ್ಲಿನವರೆಗೂ ಹೋಗಬಹುದು.

ನಿಮ್ಮೂರಿನ ಶಾಸನ ಹುಡುಕುವವರಿಗೆ ಒಂದು ಮಾತು. ಆ ಸಂಪುಟ ಬಂದಾಗ ಪಿರಿಯಾಪಟ್ಟಣ ಹುಣಸೂರು ತಾಲ್ಲೂಕಿನೊಳಗೇ ಇತ್ತು. ಈಗಿನ ಕೆ.ಆರ್. ನಗರದ ಕಡೆಯ ಊರುಗಳು ಯಡತೊರೆ ಎಂಬ ಹೆಸರಿನಡಿ ಇವೆ. ಸರಗೂರಿನ ಕಡೆಯವರು ಹೆಗ್ಗಡದೇವನಕೋಟೆ ಎಂದು ನೋಡಬೇಕು. ತಾಲ್ಲೂಕುಗಳು ಒಡೆದು ಹೆಸರು ಬದಲಾದರೂ ಹಳೇ ಪುಸ್ತಕದ ಅಡಿಟಿಪ್ಪಣಿ ಬದಲಾಗುವುದಿಲ್ಲ.

ಒಂದೇ ಸಾಮಗ್ರಿ, ಎರಡು ಪ್ರಬಂಧ

ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ ದಾಟಿ ಅದೇ ರಸ್ತೆಯಲ್ಲಿ ಮುಂದೆ ಹೋದರೆ ಕೊಡಗು. ಪ್ರಬಂಧದ ರಚನೆ ಎಷ್ಟು ದೊಡ್ಡ ವಿಷಯ ಎಂಬುದಕ್ಕೆ ಅಲ್ಲಿಯದೇ ಒಂದು ಉದಾಹರಣೆ ಇದೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಎಂ.ಎನ್. ಶ್ರೀನಿವಾಸ್ ಮುಂಬಯಿಯಲ್ಲಿ ಜಿ.ಎಸ್. ಘುರ್ಯೆಯವರ ಮಾರ್ಗದರ್ಶನದಲ್ಲಿ ಕೊಡವರ ಬಗ್ಗೆ ಪಿಎಚ್.ಡಿ. ಮಾಡಿದರು. 1944ರಲ್ಲಿ ಮುಗಿದ ಆ ಪ್ರಬಂಧ ಎರಡು ಸಂಪುಟಗಳಷ್ಟು ದಪ್ಪ. ಕಂಡದ್ದು, ಕೇಳಿದ್ದು, ಹಾಡು, ಹಬ್ಬ ಎಲ್ಲವೂ ಅದರಲ್ಲಿತ್ತು.

ಆಮೇಲೆ ಅವರು ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ರ‍್ಯಾಡ್‌ಕ್ಲಿಫ್ ಬ್ರೌನ್ ಅದೇ ಕೊಡಗಿನ ಸಾಮಗ್ರಿಯನ್ನು ಇನ್ನೊಂದು ಕಣ್ಣಿನಿಂದ ನೋಡುವಂತೆ ಸೂಚಿಸಿದರು. ಈ ಸಲ ‘ಒಕ್ಕ’ ಎಂಬ ಮನೆತನದ ಆಚರಣೆ ಒಂದು ಕಡೆ, ಅದಕ್ಕಿಂತ ದೊಡ್ಡ ಗುಂಪುಗಳ ಆಚರಣೆ ಇನ್ನೊಂದು ಕಡೆ, ಕೊನೆಗೆ ಇವಕ್ಕೂ ದೇಶದ ಹಿಂದೂ ಧರ್ಮಕ್ಕೂ ಇರುವ ಸಂಬಂಧ ಎಂದು ಒಳಗಿನಿಂದ ಹೊರಗೆ ಕಟ್ಟಿದರು. 1947ರಲ್ಲಿ ಆ ಪ್ರಬಂಧಕ್ಕೆ ಡಾಕ್ಟರೇಟ್ ಬಂತು, 1952ರಲ್ಲಿ ಪುಸ್ತಕವಾಯಿತು. ‘ಸಂಸ್ಕೃತೀಕರಣ’ ಎಂಬ ಕಲ್ಪನೆ ಜಗತ್ತಿಗೆ ತಿಳಿದದ್ದು ಆ ಪುಸ್ತಕದಿಂದ. ಒಕ್ಕವನ್ನು ಮಧ್ಯೆ ಇಟ್ಟು ಅಧ್ಯಾಯಗಳನ್ನು ಮತ್ತೆ ಜೋಡಿಸಿದಾಗ ಸಂಬಂಧಗಳು ಎದ್ದು ಕಂಡವು.

ಹೆಸರು ಹಾಕಬೇಕೋ, ಮುಚ್ಚಬೇಕೋ

ಅದೇ ಶ್ರೀನಿವಾಸ್ 1948ರಲ್ಲಿ ಮೈಸೂರು ಹತ್ತಿರದ ಕೊಡಗಹಳ್ಳಿಯಲ್ಲಿ ಉಳಿದು ಅಧ್ಯಯನ ಮಾಡಿದರು. ಪುಸ್ತಕದಲ್ಲಿ ಆ ಊರಿಗೆ ‘ರಾಂಪುರ’ ಎಂದು ಬೇರೆ ಹೆಸರಿಟ್ಟರು. ಊರ ಜಗಳ, ಸಾಲ, ಮನೆಮಾತು ಎಲ್ಲ ಬರೆಯುವಾಗ ಜನರ ಮಾನ ಕಾಯಲು ಸಮಾಜಶಾಸ್ತ್ರದವರು ಹೀಗೆ ಹೆಸರು ಮುಚ್ಚುತ್ತಾರೆ.

ಜಾನಪದದವರ ದಾರಿ ಬೇರೆ. 1955ರಲ್ಲಿ ಬಿ.ಎಸ್. ಗದ್ದಗಿಮಠರು ಕನ್ನಡ ಜಾನಪದ ಗೀತೆಗಳ ಬಗ್ಗೆ ಕರ್ನಾಟಕ ವಿಶ್ವವಿದ್ಯಾನಿಲಯದಲ್ಲಿ ಪಿಎಚ್.ಡಿ. ಪಡೆದರು. ನಮ್ಮ ಕಡೆ ಜೀ.ಶಂ. ಪರಮಶಿವಯ್ಯನವರು ನೀಲಗಾರರು, ದೇವರಗುಡ್ಡರು, ತಂಬೂರಿಯವರು ಮೊದಲಾದ ವೃತ್ತಿಗಾಯಕರ ಕಾವ್ಯಗಳನ್ನು ಅಧ್ಯಯನದ ವಸ್ತು ಮಾಡಿದರು. ಈ ಸಂಪ್ರದಾಯದಲ್ಲಿ ಹಾಡಿದವರನ್ನು ‘ವಕ್ತೃ’ ಎನ್ನುತ್ತಾರೆ. ಪ್ರಬಂಧದ ಕೊನೆಯ ಅನುಬಂಧದಲ್ಲಿ ವಕ್ತೃಗಳ ಪಟ್ಟಿ ಬರುತ್ತದೆ: ಹೆಸರು, ವಯಸ್ಸು, ಊರು, ತಾಲ್ಲೂಕು. ಅಜ್ಜಿಯ ಹೆಸರು ಇರಬೇಕಾದದ್ದು ಇಲ್ಲಿ.

ಇಲ್ಲಿ ನಮಗೊಂದು ಬೇಸರವೂ ಇದೆ. ಪುಸ್ತಕ ಬರೆದವರ ಹೆಸರು ಅಧ್ಯಾಯದ ಒಳಗೆ, ಪ್ರತಿ ಮಾತಿನ ಅಡಿಯಲ್ಲಿ ಬರುತ್ತದೆ. ರಾತ್ರಿಯೆಲ್ಲ ಹಾಡಿದವರ ಹೆಸರು ಮಾತ್ರ ಕೊನೇ ಪಟ್ಟಿಯಲ್ಲಿ ಒಂದು ಸಾಲು. ಯಾವ ಹಾಡು ಯಾರದು ಎಂದು ಅಧ್ಯಾಯದಲ್ಲಿ ಹೇಳದಿದ್ದರೆ ಆ ಪಟ್ಟಿ ಹಾಜರಿ ಪುಸ್ತಕದ ಹಾಗೆ. ಹಾಡಿನ ಅಡಿಯಲ್ಲೇ ಹಾಡಿದವರ ಹೆಸರು, ಊರು, ದಿನಾಂಕ ಹಾಕಿದರೆ ಅವರ ಋಣವೂ ಗ್ರಂಥಋಣದಷ್ಟೇ ಸ್ಪಷ್ಟವಾಗುತ್ತದೆ.

ಇದು ಬರೀ ಗೌರವದ ಪ್ರಶ್ನೆಯಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಗೆ 2008ರಲ್ಲಿ ಮಾಡಿದ ನಿಯಮಗಳನ್ನು ನೋಡಿ. ಹಕ್ಕು ಕೇಳುವವರು ಕೊಡಬಹುದಾದ ಸಾಕ್ಷ್ಯಗಳಲ್ಲಿ, ಪದ್ಧತಿ ಮತ್ತು ಸಂಪ್ರದಾಯಗಳ ಬಗ್ಗೆ ಹೆಸರುವಾಸಿ ಸಂಸ್ಥೆಗಳು ಮಾಡಿದ ಸಂಶೋಧನಾ ಅಧ್ಯಯನಗಳೂ ಸೇರಿವೆ. ಅದೊಂದೇ ಸಾಲದು, ಒಂದಕ್ಕಿಂತ ಹೆಚ್ಚು ಸಾಕ್ಷ್ಯ ನೋಡಬೇಕು ಎಂಬುದೂ ನಿಯಮವೇ. ನಾಗರಹೊಳೆ ಅಂಚಿನ ಹುಣಸೂರು, ಕೋಟೆ ತಾಲ್ಲೂಕುಗಳ ಜೇನುಕುರುಬ, ಬೆಟ್ಟಕುರುಬ, ಯರವ ಹಾಡಿಗಳಿಗೆ ಇದು ದೊಡ್ಡ ಮಾತು. ಹಾಡಿಯ ನಿಜವಾದ ಹೆಸರು, ಹೋದ ದಿನಾಂಕ, ಪೂಜೆಯ ಜಾಗ, ಜೇನು ಕೀಳುವ ಜಾಗ, ನಕ್ಷೆ ಇವೆಲ್ಲ ಅನುಬಂಧದಲ್ಲಿದ್ದರೆ ಆ ಪ್ರಬಂಧ ಮುಂದೊಂದು ದಿನ ಗ್ರಾಮಸಭೆಯ ಮುಂದೆ ಇಡುವ ಕಾಗದವಾಗಬಹುದು. ‘ಅರಣ್ಯದಂಚಿನ ಒಂದು ಹಾಡಿ’ ಎಂದಷ್ಟೇ ಬರೆದಿದ್ದರೆ ಆ ಉಪಯೋಗ ಆಗದು. ಹೀಗಾಗಿ ಹೆಸರು ಹಾಕುವುದೋ ಮುಚ್ಚುವುದೋ ಎಂಬುದನ್ನು ಊರಿನವರನ್ನು ಕೇಳಿಯೇ ತೀರ್ಮಾನಿಸಬೇಕು.

ಫೋನಿನಲ್ಲಿ ಪ್ರಬಂಧ

ಟೈಪ್‌ರೈಟರ್ ಕಾಲದಲ್ಲಿ ಪ್ರಬಂಧದ ಪ್ರತಿಗಳು ಬೆರಳೆಣಿಕೆಯಷ್ಟು. ಓದಬೇಕೆಂದರೆ ಗ್ರಂಥಾಲಯಕ್ಕೇ ಹೋಗಬೇಕಿತ್ತು. 2009ರ ಯುಜಿಸಿ ನಿಯಮ ಬಂದ ಮೇಲೆ ಪಿಎಚ್.ಡಿ. ಪ್ರಬಂಧದ ಎಲೆಕ್ಟ್ರಾನಿಕ್ ಪ್ರತಿ ಕೊಡುವುದು ಕಡ್ಡಾಯವಾಯಿತು. ಅವನ್ನು ಇಡುವ ‘ಶೋಧಗಂಗಾ’ ಎಂಬ ಜಾಲತಾಣದಲ್ಲಿ ದೇಶದ ಲಕ್ಷಗಟ್ಟಲೆ ಪ್ರಬಂಧಗಳಿವೆ, ಓದಲು ದುಡ್ಡು ಬೇಡ. ಸಾಮಾನ್ಯವಾಗಿ ಒಂದೊಂದು ಅಧ್ಯಾಯಕ್ಕೂ ಬೇರೆ ಬೇರೆ ಪಿಡಿಎಫ್ ಇರುವುದರಿಂದ ಕೊನೆಯ ಅನುಬಂಧವನ್ನೇ ನೇರವಾಗಿ ತೆರೆಯಬಹುದು.

ಆದರೆ ‘ಗಾವಡಗೆರೆ’ ಎಂದೋ ‘ಬೆಟ್ಟದಪುರ’ ಎಂದೋ ಕನ್ನಡದಲ್ಲಿ ಬರೆದು ಹುಡುಕಿದರೆ ಎಷ್ಟೋ ಸಲ ಏನೂ ಸಿಗುವುದಿಲ್ಲ. ಬಹಳಷ್ಟು ಕನ್ನಡ ಪ್ರಬಂಧಗಳು ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟುಗಳಲ್ಲಿವೆ. ಕಣ್ಣಿಗೆ ಕನ್ನಡವೇ ಕಂಡರೂ ಕಂಪ್ಯೂಟರಿನ ಒಳಗೆ ಅವು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಸ್ಕ್ಯಾನ್ ಮಾಡಿದ ಪುಟವಾದರೆ ಅದು ಬರೀ ಚಿತ್ರ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದರೆ ಮಾತ್ರ ನಿಮ್ಮ ಫೋನಿಗೆ ಅದು ಕನ್ನಡ ಎಂದು ಗೊತ್ತಾಗುತ್ತದೆ. ಶೀರ್ಷಿಕೆಗಳು ಕೂಡ ಎಷ್ಟೋ ಕಡೆ ಇಂಗ್ಲಿಷ್ ಲಿಪಿಯಲ್ಲಿರುತ್ತವೆ. ಆದ್ದರಿಂದ ಎರಡೂ ಲಿಪಿಯಲ್ಲಿ ಹುಡುಕಿ, ಮೊದಲು ತಾಲ್ಲೂಕಿನ ಹೆಸರಿನಿಂದ, ಆಮೇಲೆ ವಿಷಯದಿಂದ.

ಮುಂದಿನ ಸಲ ನಿಮ್ಮೂರಿಗೆ ಯಾರಾದರೂ ಸಂಶೋಧನೆಗೆಂದು ಬಂದರೆ ಕೂರಿಸಿ ಮಾತಾಡಿ, ಹಾಡಿ, ಕಲ್ಲು ತೋರಿಸಿ. ಹೊರಡುವ ಮುಂಚೆ ನಾಲ್ಕು ಮಾತು ಕೇಳಿ. ಯಾವ ವಿಶ್ವವಿದ್ಯಾನಿಲಯ, ವಿಷಯದ ಹೆಸರೇನು? ನಮ್ಮ ಹೆಸರು ಹಾಡಿನ ಕೆಳಗೆ ಬರುತ್ತದೋ, ಕೊನೇ ಪಟ್ಟಿಯಲ್ಲೋ? ಮುಚ್ಚಬೇಕಾದ ವಿಷಯವನ್ನು ಮುಚ್ಚುತ್ತೀರಾ? ಯೂನಿಕೋಡ್‌ನಲ್ಲಿ ಟೈಪ್ ಮಾಡಿಸುತ್ತೀರಾ? ಉತ್ತರವನ್ನು, ಅವರ ಹೆಸರು ಮತ್ತು ದಿನಾಂಕದ ಜೊತೆ, ಮನೆಯ ಮಕ್ಕಳ ನೋಟ್‌ಬುಕ್ಕಿನಲ್ಲಿ ಬರೆಸಿಡಿ. ಕೆಲವು ವರ್ಷದ ನಂತರ ಆ ಪ್ರಬಂಧ ಹುಡುಕಲು ನಿಮ್ಮ ಕೈಯಲ್ಲಿ ಆ ಒಂದು ಹಾಳೆ ಇದ್ದರೆ ಸಾಕು.