ಫಾಂಟ್ ತೆಗೆದ್ರೆ ಕನ್ನಡವೇ ಮಾಯ!

ಇವತ್ತಿನ ಕಥೆ ಗುಬ್ಬಿ ತಾಲ್ಲೂಕಿನ ನಮ್ಮ ಕಡಬದಿಂದಲೇ ಶುರು.

ಊರಿನ ಸಂಘವೊಂದರ ಹಳೇ ವಾರ್ಷಿಕ ವರದಿಯ ವರ್ಡ್ ಫೈಲ್ ನನ್ನ ಕೈಗೆ ಬಂತು. ಒಂದೊಂದು ಶೀರ್ಷಿಕೆಗೂ ಒಂದೊಂದು ಸೈಜ್, ಎಲ್ಲೆಂದರಲ್ಲಿ ಬೋಲ್ಡ್. ಎಲ್ಲ ಒಂದೇ ಥರ ಇರ್ಲಿ ಅಂತ ಪೂರ್ತಿ ಸೆಲೆಕ್ಟ್ ಮಾಡಿ ಕಂಟ್ರೋಲ್-ಸ್ಪೇಸ್ ಒತ್ತಿದೆ. ಕೈಯಲ್ಲಿ ಮಾಡಿದ ಅಲಂಕಾರವೆಲ್ಲ ಹೋಯ್ತು, ಜೊತೆಗೆ ಕನ್ನಡವೂ ಹೋಯ್ತು! ಪರದೆ ತುಂಬಾ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು. ಸದ್ಯ, ಅನ್‌ಡೂ ಇತ್ತು.

ಹೀಗ್ಯಾಕಾಯ್ತು? ಬರಹದ ವಿಷಯ ಬೇರೆ, ಅದರ ರೂಪ ಬೇರೆ ಅನ್ನೋದು ಹಳೇ ಮಾತು. 1986ರಲ್ಲಿ ಎಸ್‌ಜಿಎಂಎಲ್ ಅಂತರರಾಷ್ಟ್ರೀಯ ಮಾನಕವಾದಾಗಲೇ ಇದು ಪಕ್ಕಾ ಆಗಿತ್ತು: 'ಇದು ಶೀರ್ಷಿಕೆ' ಅಂತ ಗುರುತು ಹಾಕಿ, ಹೇಗೆ ಕಾಣಬೇಕು ಅನ್ನೋದನ್ನ ಸ್ಟೈಲ್‌ಗೆ ಬಿಡಿ. ಆದ್ರೆ ಆಗಿನ ಕಂಪ್ಯೂಟರ್‌ಗಳಲ್ಲಿ ಕನ್ನಡಕ್ಕೆ ಸ್ವಂತ ಜಾಗವೇ ಇರಲಿಲ್ಲ. ಹಾಗಾಗಿ 1998ರಲ್ಲಿ ಬಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಎರಡೂ ಒಂದು ಉಪಾಯ ಮಾಡಿದವು. ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡ ಅಕ್ಷರದ ಚಿತ್ರ ಕೂರಿಸಿದವು. ನುಡಿಯ ಹಳೇ ಫಾಂಟ್‌ನಲ್ಲಿ 'ಕ' ಅಂದ್ರೆ 80 ಮತ್ತು 192, ಎರಡು ಸಂಕೇತ. 80 ಅಂದ್ರೆ ಅಸಲಿಗೆ ಇಂಗ್ಲಿಷ್ 'ಪಿ'. ಅಂದ್ರೆ ಕನ್ನಡವೇ ಒಂದು ಫಾರ್ಮ್ಯಾಟಿಂಗ್!

ಇದನ್ನ ತಪ್ಪು ಅನ್ನೋಕೆ ನನಗೆ ಮನಸ್ಸಿಲ್ಲ. ಆ ಉಪಾಯ ಇಲ್ಲದಿದ್ರೆ ಎಷ್ಟೋ ಕಚೇರಿ, ಡಿಟಿಪಿ ಅಂಗಡಿಗಳಲ್ಲಿ ಕನ್ನಡ ಟೈಪ್ ಆಗ್ತಾನೇ ಇರಲಿಲ್ಲ. 1991ರ ಯೂನಿಕೋಡ್‌ನಲ್ಲೇ ಕನ್ನಡ ಇತ್ತು, 'ಕ'ಗೆ 3221 ಅನ್ನೋ ಸ್ವಂತ ಸಂಖ್ಯೆ ಸಿಕ್ಕಿತ್ತು. ಆದ್ರೆ ಅದು ನಮ್ಮ ಮೇಜಿಗೆ ಬರೋಕೆ ವರ್ಷಗಳೇ ಹಿಡಿದವು. ಅಷ್ಟರಲ್ಲಿ ರಾಶಿ ರಾಶಿ ಫೈಲ್ ಆಗಿದ್ದವು.

ಈಗಿನ ಕಷ್ಟ ಏನಂದ್ರೆ, ಹಳೇ ಫೈಲ್‌ನಲ್ಲಿ ಯಾವುದು ಕನ್ನಡ, ಯಾವುದು ಇಂಗ್ಲಿಷ್ ಅಂತ ಹೇಳೋಕೆ ಫಾಂಟ್ ಹೆಸರೊಂದೇ ಸಾಕ್ಷಿ. ಅದನ್ನ ಅಳಿಸಿದ್ರೆ ಕನ್ವರ್ಟರ್‌ಗೂ ಗೊಂದಲ. ಇಂಗ್ಲಿಷ್ ಹೆಸರುಗಳೂ ಅರ್ಥವಿಲ್ಲದ ಕನ್ನಡ ಆಗಿಬಿಡ್ತವೆ.

ನಮ್ಮ ಕಡಬದಲ್ಲಿ ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ಹೆಸರಿನ ತಾಮ್ರಪಟ ಸಿಕ್ಕಿದೆ. ಅದರಲ್ಲಿರೋದು ಶಕ ವರ್ಷ 735, ಅಂದ್ರೆ ಸುಮಾರು ಕ್ರಿ.ಶ. 812. ಲಿಪಿ ಬಲ್ಲವರು ಅದನ್ನ ಇವತ್ತೂ ಓದ್ತಾರೆ. ಇಪ್ಪತ್ತು ವರ್ಷದ ವರದಿಯನ್ನ ನಾನು ಒಂದು ಕೀಲಿಯಲ್ಲಿ ಅಳಿಸಿಬಿಡ್ತಿದ್ದೆ!

ನಿಮ್ಮ ಮನೆಯಲ್ಲೂ ಹಳೇ ನುಡಿ, ಬರಹ ಫೈಲ್ ಇದ್ರೆ ಮೊದಲು ಒಂದು ಕಾಪಿ ಇಟ್ಕೊಳ್ಳಿ. ಆಮೇಲೆ ಯೂನಿಕೋಡ್‌ಗೆ ಬದಲಿಸಿ. ಅಂದಗೊಳಿಸೋದು ಕೊನೆಗೆ. ಮತ್ತೆ ಸಿಗೋಣ.