ಮಳೆಯ ಲೆಕ್ಕ, ಕಾಡಿನ ಲೆಕ್ಕ

"ಕಾಡಿದ್ದರೆ ಮಳೆ" ಅನ್ನೋ ಮಾತನ್ನು ನಾವೆಲ್ಲ ಪ್ರೈಮರಿ ಶಾಲೆಯಲ್ಲೇ ಬಾಯಿಪಾಠ ಮಾಡಿದವರು. ಆದರೆ ಈ ಮಾತು ಸರ್ಕಾರಿ ಕಡತಕ್ಕೆ ಹೇಗೆ ಏರಿತು, ಏರಿದ ಮೇಲೆ ಯಾರಿಗೆ ಏನಾಯಿತು ಅಂತ ಯಾರೂ ಹೇಳಿಕೊಡಲಿಲ್ಲ.

ಕೋಡ್ ಬರೆಯುವ ಕೆಲಸ ಬಿಟ್ಟು ಹವಾಮಾನ ಬದಲಾವಣೆ ಮತ್ತು ಅರಣ್ಯ ನೀತಿಯ ಬಗ್ಗೆ ಸ್ನಾತಕೋತ್ತರ ಓದಬೇಕು ಅನ್ನೋ ಹುಳ ಒಂದು ವರ್ಷದಿಂದ ನನ್ನ ತಲೆ ಹೊಕ್ಕಿದೆ. ಹೇಳಿದಾಗಲೆಲ್ಲ ಸ್ನೇಹಿತರು "ಇದ್ಯಾವುದೋ ಹೊಸ ಸಬ್ಜೆಕ್ಟು, ಮುಂದೆ ಸ್ಕೋಪ್ ಇದೆಯಾ?" ಅಂತ ಕೇಳುತ್ತಾರೆ. ಸ್ಕೋಪಿನ ಮಾತು ಬಿಡಿ. ಸಬ್ಜೆಕ್ಟು ಮಾತ್ರ ಹೊಸದಲ್ಲ. ಅದಕ್ಕೆ ನೂರೆಪ್ಪತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ, ಮತ್ತು ಆ ಇತಿಹಾಸದ ಒಂದು ಅಧ್ಯಾಯ ನಡೆದದ್ದು ನಮ್ಮ ಶಿವಮೊಗ್ಗದಲ್ಲಿ!

1800ರಲ್ಲಿ ಜರ್ಮನಿಯ ವಿಜ್ಞಾನಿ ಹಂಬೋಲ್ಟ್ ವೆನೆಜುವೆಲಾದ ವಲೆನ್ಸಿಯಾ ಸರೋವರದ ನೀರು ಇಳಿಯುತ್ತಿರುವುದನ್ನು ನೋಡಿ, ಸುತ್ತಲಿನ ಕಾಡು ಕಡಿದದ್ದೂ ಅದಕ್ಕೆ ಕಾರಣ ಎಂದು ಬರೆದ. ಆ ವಿಚಾರ ಭಾರತದಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ನೌಕರರನ್ನೂ ಮುಟ್ಟಿತು. ವಿಶೇಷ ಏನೆಂದರೆ, ಅದನ್ನು ಇಲ್ಲಿ ಮುಂದುವರಿಸಿದವರು ಡಾಕ್ಟರುಗಳು. ಆಗ ಅರಣ್ಯಶಾಸ್ತ್ರ ಅಂತ ಓದಿದವರು ಇಲ್ಲಿ ಇರಲಿಲ್ಲ. ಗಿಡಮೂಲಿಕೆಗಾಗಿ ಸಸ್ಯಶಾಸ್ತ್ರ ಕಲಿತಿದ್ದವರು ಕಂಪನಿಯ ಸರ್ಜನ್‌ಗಳು. ಮುಂಬಯಿ ಪ್ರಾಂತ್ಯದ ಕಾಡಿಗೆ 1847ರಲ್ಲಿ ಕನ್ಸರ್ವೇಟರ್ ಆದ ಅಲೆಗ್ಸಾಂಡರ್ ಗಿಬ್ಸನ್ ಡಾಕ್ಟರು. ಮರಗಳಿಗೂ ಮಳೆಗೂ ಇರುವ ಸಂಬಂಧದ ಬಗ್ಗೆ 1849ರಲ್ಲಿ ಮದ್ರಾಸಿನಿಂದ ಲೇಖನ ಪ್ರಕಟಿಸಿದ ಎಡ್ವರ್ಡ್ ಬಾಲ್ಫೋರ್ ಕೂಡ ಡಾಕ್ಟರು. ಮೂರನೆಯವನೇ ಹ್ಯೂ ಕ್ಲೆಗಾರ್ನ್.

ಮದ್ರಾಸಿನಲ್ಲಿ ಹುಟ್ಟಿ ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿದ ಕ್ಲೆಗಾರ್ನ್, 1840ರ ದಶಕದಲ್ಲಿ ಮೈಸೂರು ಸೀಮೆಗೆ ನೇಮಕವಾಗಿ ಶಿವಮೊಗ್ಗದಲ್ಲಿದ್ದ. ಮಲೆನಾಡಿನ ಗಿಡಮರಗಳನ್ನು ನೋಡಿದ, ಕಾಡು ಕಡಿಯುವುದನ್ನೂ ನೋಡಿದ. ಜ್ವರ ಹಿಡಿದು ಊರಿಗೆ ಮರಳಿದ ಮೇಲೆ, ಉಷ್ಣವಲಯದ ಕಾಡು ನಾಶವಾದರೆ ಏನಾಗುತ್ತದೆ ಎಂದು ಪರಿಶೀಲಿಸಲು ಬ್ರಿಟಿಷ್ ಅಸೋಸಿಯೇಷನ್ ನೇಮಿಸಿದ ಸಮಿತಿಯ ಮುಂದಾಳಾಗಿ 1851ರಲ್ಲಿ ವರದಿ ಕೊಟ್ಟ. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಕನ್ಸರ್ವೇಟರ್ ಆದ.

ಕಾಡು ಹಾಳಾಗಲು ಕಾರಣ ಯಾರು? ಕ್ಲೆಗಾರ್ನ್ ಬೆರಳು ತೋರಿಸಿದವರಲ್ಲಿ ಕುಮರಿ ಬೇಸಾಯದವರು ಮುಖ್ಯರು. ಕುಮರಿ ಅಂದರೆ ಗೊತ್ತಲ್ಲ? ಬೇಸಿಗೆಗೆ ಮುಂಚೆ ಗುಡ್ಡದ ಒಂದು ತುಂಡು ಕಾಡನ್ನು ಕಡಿದು ಒಣಗಿಸುವುದು, ಮಳೆಗೆ ಮುಂಚೆ ಸುಡುವುದು, ಬೂದಿಯಲ್ಲಿ ರಾಗಿ ಬಿತ್ತುವುದು. ಒಂದೆರಡು ಬೆಳೆ ತೆಗೆದು ಬೇರೆ ಕಡೆ ಹೋಗುವುದು, ವರ್ಷಗಳ ನಂತರ ಕಾಡು ಮತ್ತೆ ಬೆಳೆದಾಗ ಅಲ್ಲಿಗೇ ಮರಳುವುದು. ಉತ್ತರ ಕನ್ನಡದ ಕುಣಬಿಗಳು, ಕುಮರಿ ಮರಾಠಿಗರು ಇದನ್ನೇ ನಂಬಿ ಬದುಕಿದವರು.

ಅದೇ ಹೊತ್ತಿಗೆ ಮುಂಬಯಿಯ ಹಡಗುಕಟ್ಟೆಗೆ ನಮ್ಮ ತೇಗ ಹೋಗುತ್ತಿತ್ತು. 1853ರಲ್ಲಿ ರೈಲು ಶುರುವಾದ ಮೇಲೆ ಒಂದು ಮೈಲಿ ಹಳಿಗೆ ಎರಡು ಸಾವಿರದ ಹತ್ತಿರ ಹತ್ತಿರ ಮರದ ಸ್ಲೀಪರ್ ಬೇಕಾಯಿತು. ಕ್ಲೆಗಾರ್ನ್ ಇದನ್ನೂ ಕಂಡವನೇ, ಬೇಕಾಬಿಟ್ಟಿ ಕಡಿಯುವ ಗುತ್ತಿಗೆದಾರರ ಬಗ್ಗೆಯೂ ಬರೆದವನೇ. ಆದರೆ ರೈಲು ನಿಲ್ಲಲಿಲ್ಲ, ಕುಮರಿ ನಿಂತಿತು. 1860ರ ವೇಳೆಗೆ ಮದ್ರಾಸ್ ಸರ್ಕಾರ ಕುಮರಿಗೆ ಕಡಿವಾಣ ಹಾಕಿತು. ಆಗ ಕೆನರಾ ಜಿಲ್ಲೆ ಮದ್ರಾಸಿಗೇ ಸೇರಿತ್ತು. ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟದ ಸೌಲಭ್ಯ ಉಳಿಯಿತು. ಸರ್ಕಾರಕ್ಕೆ ಕಂದಾಯ ಕಟ್ಟುವವನ ಮಾತಿಗೆ ಇರುವ ತೂಕ ಬೇರೆ. ಅಡಿಕೆ ತೋಟದ ಮನೆಯಿಂದ ಬಂದ ನನಗೆ ಈ ಸಾಲು ಬರೆಯುವಾಗ ಸ್ವಲ್ಪ ಮುಜುಗರವೇ.

ಆಮೇಲಿನದು ಸಂಸ್ಥೆಗಳ ಕಥೆ. 1864ರಲ್ಲಿ ಜರ್ಮನಿಯ ಬ್ರಾಂಡಿಸ್ ಭಾರತದ ಮೊದಲ ಅರಣ್ಯ ಇನ್ಸ್‌ಪೆಕ್ಟರ್ ಜನರಲ್ ಆದ. ಅಧಿಕಾರಿಗಳನ್ನು ತರಬೇತಿಗೆ ಫ್ರಾನ್ಸಿನ ನಾನ್ಸಿಗೆ, ಜರ್ಮನಿಗೆ ಕಳಿಸಿದ. 1878ರಲ್ಲಿ ಡೆಹ್ರಾಡೂನ್ ಶಾಲೆ ಶುರುವಾಯಿತು. ಹಳ್ಳಿಗಳಿಗೂ ತಮ್ಮದೇ ಕಾಡು ಇರಬೇಕು ಎಂಬುದು ಬ್ರಾಂಡಿಸ್‌ನ ವಾದ. ಎಲ್ಲವೂ ಸರ್ಕಾರದ್ದೇ ಆಗಬೇಕು ಎಂಬುದು ಬೇಡನ್ ಪೊವೆಲ್‌ನ ವಾದ. ಪುಣೆಯ ಸಾರ್ವಜನಿಕ ಸಭಾ ವಿರೋಧಿಸಿದರೂ 1878ರ ಅರಣ್ಯ ಕಾಯ್ದೆ ಹೆಚ್ಚುಕಡಿಮೆ ಪೊವೆಲ್ ಹೇಳಿದ ಹಾಗೇ ಬಂತು. ಅಂದ ಹಾಗೆ, ಇದೇ ಬ್ರಾಂಡಿಸ್‌ನ ಸಲಹೆ ಪಡೆದು ನಾನ್ಸಿಯಲ್ಲಿ ಓದಿದ ಅಮೆರಿಕದ ಗಿಫರ್ಡ್ ಪಿಂಚೋ, 1900ರಲ್ಲಿ ಯೇಲ್ ಅರಣ್ಯ ಶಾಲೆ ಹುಟ್ಟಲು ಕಾರಣನಾದ. ಅದು ಶುರುವಾದದ್ದೇ ಪದವೀಧರರಿಗಾಗಿ. ನನ್ನಂಥವರು ಅರ್ಜಿ ಹಾಕುವ ಕೋರ್ಸುಗಳ ಮುತ್ತಜ್ಜ ಅನ್ನಿ.

ಇನ್ನು ಮಳೆಯ ಕಥೆ. ಭಾರತದ ಮಳೆಯ ದಾಖಲೆಗಳನ್ನು ಜಾಲಾಡಿದ ಹವಾಮಾನ ಇಲಾಖೆಯ ಗಿಲ್ಬರ್ಟ್ ವಾಕರ್, ಹವಾಮಾನ ಕಾಯಂ ಆಗಿ ಬದಲಾಗಿದೆ ಎನ್ನಲು ಆಧಾರ ಕಾಣುತ್ತಿಲ್ಲ ಎಂದು 1910ರಲ್ಲಿ ವರದಿ ಮಾಡಿದ. ಅಷ್ಟರಲ್ಲಿ ಕುಮರಿ ನಿಂತು ಅರ್ಧ ಶತಮಾನ ಕಳೆದಿತ್ತು! ಹಾಗಂತ ಕ್ಲೆಗಾರ್ನ್ ಹೇಳಿದ್ದೆಲ್ಲ ಸುಳ್ಳಲ್ಲ. ಕಾಡು ನೀರನ್ನು ಇಂಗಿಸುತ್ತದೆ, ಮಣ್ಣನ್ನು ಹಿಡಿದಿಡುತ್ತದೆ, ಗಾಳಿಯ ತೇವದಲ್ಲೂ ಅದರ ಪಾಲಿದೆ. ವಿಜ್ಞಾನ ಅರ್ಧ ಸರಿಯಿತ್ತು, ಬಿಲ್ಲು ಮಾತ್ರ ಪೂರ್ತಿ ಬಂತು, ಅದೂ ಬಡವನ ಹೆಸರಿಗೆ.

ಈಗ ಮಳೆಯ ಜಾಗಕ್ಕೆ ಇಂಗಾಲ ಬಂದಿದೆ. ಈ ಸಲ ವಿಜ್ಞಾನ ಗಟ್ಟಿಯಾಗಿದೆ. ಒಣಗಿದ ಮರದ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲ, ಅದರಲ್ಲಿ ತಕರಾರಿಲ್ಲ. ಕಾಡು ಮತ್ತು ಮರಗಳ ಮೂಲಕ 2030ರೊಳಗೆ ಹೆಚ್ಚುವರಿಯಾಗಿ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡನ್ನು ಹೀರಿಸುತ್ತೇವೆ ಎಂದು ಭಾರತ 2015ರಲ್ಲಿ ಮಾತು ಕೊಟ್ಟಿದೆ. ಅದಕ್ಕೆ ಜಾಗ ಬೇಕು. ಜಾಗ ಯಾರದ್ದು?

2006ರ ಅರಣ್ಯ ಹಕ್ಕು ಕಾಯ್ದೆಯನ್ನೇ ನೋಡಿ. ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ, ಆ ಕಾಡಿನಲ್ಲೇ ಬದುಕಿದ್ದಕ್ಕೆ ಪುರಾವೆ ಕೊಡಬೇಕು. ಒಂದು ಕಡೆ ನಿಲ್ಲದ ಬೇಸಾಯ ಮಾಡಿದವನ ಮೊಮ್ಮಗ ಪಹಣಿ ಎಲ್ಲಿಂದ ತರಬೇಕು? ಅವನ ಅಜ್ಜ ಕಡತದಲ್ಲಿ ಸಿಕ್ಕರೂ ಕಾಡು ಸುಟ್ಟವನಾಗಿಯೇ ಸಿಗುತ್ತಾನೆ.

ನಾನು ಈ ವಿಷಯ ಓದಬೇಕು ಅಂತಿರುವುದು ಇದಕ್ಕೇ. ಉಪಗ್ರಹದ ಚಿತ್ರದಿಂದ ಇಂಗಾಲದ ಲೆಕ್ಕ ತೆಗೆಯೋದು ನನ್ನಂಥ ಇಂಜಿನಿಯರಿಗೆ ಅಷ್ಟೇನೂ ಕಷ್ಟವಲ್ಲ, ಕಲಿತರೆ ಬರುತ್ತದೆ. ಆ ಲೆಕ್ಕವನ್ನು ಹಿಡಿದು ಯಾರೋ ಯಾರನ್ನೋ ಎಬ್ಬಿಸುವಾಗ, "ಸ್ವಲ್ಪ ತಡೆಯಿರಿ, 1860ರಲ್ಲೂ ಹೀಗೇ ಆಗಿತ್ತು" ಅನ್ನೋದಕ್ಕೆ ಇತಿಹಾಸ ಗೊತ್ತಿರಬೇಕು. ಎರಡನ್ನೂ ಒಟ್ಟಿಗೆ ಕಲಿಸುವ ಕಡೆಗೇ ಅರ್ಜಿ ಹಾಕಬೇಕು ಅಂತ ತೀರ್ಮಾನಿಸಿದ್ದೇನೆ.

ನಿಮ್ಮೂರಲ್ಲಿ ಕುಮರಿಯ ಮಾತು ಕೇಳಿದ ಹಿರಿಯರು ಇದ್ದರೆ ಕೂರಿಸಿಕೊಂಡು ಬರೆದಿಟ್ಟುಕೊಳ್ಳಿ. ಸರ್ಕಾರದ ಕಡತದಲ್ಲಿ ಅವರ ಕಡೆಯ ಮಾತು ಸಿಗುವುದಿಲ್ಲ.